ಟ್ರೌಟ್ ಮೀನಿಗೊಂದು ಹುಸಿ ಹುಳು

ಏಪ್ರಿಲ್ ಕೊನೆಯಲ್ಲಿ ನಮ್ಮ ಕೊಲೊರಾಡೊದ ಆರ್ಕನ್ಸಾ ನದಿಯ ದಂಡೆಗೆ ಹೋದವರ ಟೋಪಿ, ಕನ್ನಡಕಗಳ ಮೇಲೆಲ್ಲ ಕಂದು ಬಣ್ಣದ ಪುಟ್ಟ ಹುಳುಗಳು ಬಂದು ಕೂರುತ್ತವೆ. ಹೆದರಬೇಡಿ ಮಕ್ಕಳೇ, ಕಚ್ಚುವುದಿಲ್ಲ. ಇವು ಕ್ಯಾಡಿಸ್. ಮೊದಲು ಕ್ಯಾನನ್ ಸಿಟಿಯ ಬಳಿ ಏಳುವ ಈ ಹಿಂಡು, ನೀರು ಬೆಚ್ಚಗಾದಂತೆ ನದಿಯ ಮೇಲ್ಭಾಗಕ್ಕೆ ಸರಿಯುತ್ತ ಮೇ ಹೊತ್ತಿಗೆ ಸಲೈಡಾ ಮುಟ್ಟುತ್ತದೆ. ಅಮ್ಮಂದಿರ ದಿನದ ಆಸುಪಾಸಿನಲ್ಲಿ ಬರುವುದರಿಂದ ಇದಕ್ಕೆ ‘ಮದರ್ಸ್ ಡೇ ಕ್ಯಾಡಿಸ್’ ಎಂದೇ ಹೆಸರು.

ಕ್ಯಾಡಿಸ್ ಚಿಟ್ಟೆ, ಪತಂಗಗಳ ಹತ್ತಿರದ ಸಂಬಂಧಿ. ಆದರೆ ಇದರ ಬಾಲ್ಯವೆಲ್ಲ ನೀರಿನಡಿಯಲ್ಲಿ. ಮರಿಹುಳು ತನ್ನದೇ ರೇಷ್ಮೆ ಎಳೆಯಿಂದ ಕಸಕಡ್ಡಿಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡು, ಅದರೊಳಗೇ ಬೆಳೆದು, ಅಲ್ಲೇ ಕೋಶವಾಗುತ್ತದೆ. ಕಾಲ ಬಂದಾಗ ಗೂಡು ಕಡಿದು ಮೇಲಕ್ಕೆ ಈಜುತ್ತದೆ. ಹಳೆಯ ಪೊರೆ ಕಳಚಿ ರೆಕ್ಕೆ ಬಿಚ್ಚುವ ತನಕ ಅದಕ್ಕೆ ಹಾರಲೂ ಆಗದು, ಅಡಗಲೂ ಆಗದು. ಟ್ರೌಟ್ ಕಾಯುವುದು ಈ ಗಳಿಗೆಗೇ. ಆ ಅರೆಹುಟ್ಟಿನ ಹುಳುವಿನ ವೇಷ ತೊಟ್ಟ ಗಾಳವೇ ಕ್ಯಾಡಿಸ್ ಎಮರ್ಜರ್.

ಮೊಂಟಾನಾದ ಗ್ಯಾರಿ ಲಾಫಾಂಟೇನ್ ನೀರಿನೊಳಗೆ ಮುಳುಗಿ ಕುಳಿತೇ ಇದನ್ನೆಲ್ಲ ಗಮನಿಸಿದವರು. ಮೇಲೇರುವ ಹುಳು ಮಿನುಗುವುದನ್ನು ಕಂಡು, ಆ ಮಿನುಗನ್ನು ತರಲು ಆಂಟ್ರಾನ್ ಎಂಬ ಹೊಳೆಯುವ ನೂಲನ್ನು ಆರಿಸಿಕೊಂಡರು. ಅವರ ‘ಕ್ಯಾಡಿಸ್‌ಫ್ಲೈಸ್’ ಪುಸ್ತಕ 1981ರದು. ಆಂಟ್ರಾನ್ ಅಂದರೆ ಕಾರ್ಪೆಟ್ಟಿಗೆ ಬಳಸುವ ನೂಲು. ಮೀನಿಗೇನು ಗೊತ್ತು!

ಕಟ್ಟುವುದು ಹೀಗೆ. 16ನೇ ನಂಬರಿನ ಗಾಳ ತೆಗೆದುಕೊಳ್ಳಿ (ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು). ಅದರ ಒಳಮುಳ್ಳನ್ನು ಇಕ್ಕಳದಿಂದ ಅಮುಕಿ ಮಟ್ಟ ಮಾಡಿ ವೈಸ್‌ಗೆ ಸಿಕ್ಕಿಸಿ. ಈ ಕೆಲಸ ದೊಡ್ಡವರದು. ಮಕ್ಕಳ ಕಣ್ಣಿಗೆ ಕನ್ನಡಕ ಇರಲಿ. ಗಾಳದ ಉದ್ದಕ್ಕೂ ಕಂದು ದಾರ ಸುತ್ತಿ, ಬಾಗಿದ ಕಡೆಯಲ್ಲಿ ಆಂಟ್ರಾನ್‌ನ ಎರಡು ಎಳೆಗಳನ್ನು, ಮೇಲೊಂದು ಕೆಳಗೊಂದು, ಹಿಂದಕ್ಕೆ ಚಾಚುವಂತೆ ಕಟ್ಟಿ. ಹಸಿರು ತುಪ್ಪಳವನ್ನು ದಾರಕ್ಕೆ ಹೊಸೆಯಿರಿ, ದೀಪಕ್ಕೆ ಬತ್ತಿ ಹೊಸೆದ ಹಾಗೆ. ಆಮೇಲೆ ಅದನ್ನು ಸುತ್ತಿದರೆ ಮೈ ಸಿದ್ಧ. ಈಗ ಆಂಟ್ರಾನ್ ಎಳೆಗಳನ್ನು ಮುಂದಕ್ಕೆ ತಂದು ಕಟ್ಟಬೇಕು. ಬಿಗಿಯಾಗಿ ಎಳೆದರೆ ಕೆಟ್ಟಿತು. ಮೈ ಸುತ್ತ ಗುಳ್ಳೆಯಂತೆ ಸಡಿಲವಾಗಿ ನಿಲ್ಲಬೇಕು. ಇಡೀ ಕೆಲಸದ ಜೀವ ಇಲ್ಲಿದೆ. ನಾಲ್ಕಾರು ಎಳೆಗಳನ್ನು ಹಿಂದೆ ಜೋಲಾಡಲು ಬಿಡಿ, ಅದು ಕಳಚುತ್ತಿರುವ ಪೊರೆ. ರೆಕ್ಕೆಗೆ ಒಂದು ಚಿಟಿಕೆ ಜಿಂಕೆಯ ಕೂದಲು. ಒಳಗೆ ಗಾಳಿ ತುಂಬಿರುವುದರಿಂದ ತೇಲುತ್ತದೆ. ಕಂದು ತುಪ್ಪಳದ ತಲೆ ಸುತ್ತಿ ಗಂಟು ಹಾಕಿದರೆ ಮುಗಿಯಿತು.

ಮೀನಿಗೆ ನೋವಾಗುವುದಿಲ್ಲವೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಏನೂ ಆಗದು ಎಂದು ನಾನು ಹೇಳಲಾರೆ. ಒಳಮುಳ್ಳಿಲ್ಲದ ಗಾಳ ಬೇಗ ಬಿಡಿಸಿಕೊಳ್ಳುತ್ತದೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಲ್ಲೇ ಇಟ್ಟು ಬಿಟ್ಟುಬಿಡಬಹುದು. ಅದೂ ಬೇಡವೆನ್ನುವ ಮನೆಗಳಲ್ಲಿ ಕಟ್ಟುವ ಕಲೆಯಷ್ಟೇ ಸಾಕು. ಹಿಡಿಯಲು ಹೊರಟರೆ 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು.

ಈ ನದಿಯಲ್ಲಿ ಟ್ರೌಟ್ ಇಷ್ಟು ಚೆನ್ನಾಗಿರುವುದೇ ದೊಡ್ಡ ಮಾತು. ಲೆಡ್‌ವಿಲ್ ಗಣಿಗಳ ವಿಷಲೋಹ ಹರಿದು ಮೇಲ್ಭಾಗದ ನೀರು ಕೆಟ್ಟಿತ್ತು. 1983ರಲ್ಲಿ ಆ ಜಾಗ ಕೇಂದ್ರ ಸರ್ಕಾರದ ಸೂಪರ್‌ಫಂಡ್ ಪಟ್ಟಿಗೆ ಸೇರಿತು. ದಶಕಗಳ ಶುದ್ಧೀಕರಣದ ನಂತರ, 2014ರಲ್ಲಿ, 102 ಮೈಲಿ ನದಿಗೆ ರಾಜ್ಯದ ‘ಗೋಲ್ಡ್ ಮೆಡಲ್’ ಮನ್ನಣೆ ಸಿಕ್ಕಿತು. ದಂಡೆಯಲ್ಲಿ ಒಂದು ಕಲ್ಲು ಮಗುಚಿ ನೋಡಿ: ಅಡಿಯಲ್ಲಿ ಬೆಂಕಿಕಡ್ಡಿಯ ಚೂರಿನಂಥ, ನಾಲ್ಕು ಮೂಲೆಯ ಗೂಡುಗಳು ಅಂಟಿಕೊಂಡಿರುತ್ತವೆ. ಎಣಿಸಿ, ಕಲ್ಲನ್ನು ಮೊದಲಿದ್ದಂತೆಯೇ ಇಟ್ಟು ಬನ್ನಿ.