ಕಾಣದ ದೋಷ, ಹೇಳದ ಮಾತು

ಸಿರುಗುಪ್ಪ, ಕುರುಗೋಡು ಕಡೆಯ ಮೆಣಸಿನಕಾಯಿ ಬೆಳೆಗಾರರಿಗೆ ಆನ್‌ಲೈನ್ ಹರಾಜು ಹೊಸದಲ್ಲ. ಬ್ಯಾಡಗಿ ಮಾರುಕಟ್ಟೆಯ ಇ-ಟೆಂಡರಿನಲ್ಲಿ ವರ್ತಕರು ಮೊದಲು ಅಂಗಡಿ ಅಂಗಡಿ ಸುತ್ತುತ್ತಾರೆ. ಚೀಲಕ್ಕೆ ಕೈ ಹಾಕಿ, ಕಾಯಿ ಮುರಿದು, ಬಣ್ಣ ಮತ್ತು ತೇವ ನೋಡಿ, ಆಮೇಲೆ ಲಾಟ್ ಸಂಖ್ಯೆಯ ಎದುರು ದರ ನಮೂದಿಸುತ್ತಾರೆ. ಹಳೆಯ ಮೊಬೈಲ್, ಲ್ಯಾಪ್‌ಟಾಪ್, ಟಿವಿಗಳನ್ನು ಆನ್‌ಲೈನ್‌ನಲ್ಲಿ ಹರಾಜಿಗಿಟ್ಟಾಗ ಈ ಮೊದಲ ಹೆಜ್ಜೆಯೇ ಇರುವುದಿಲ್ಲ. ಸಿರುಗುಪ್ಪದಲ್ಲಿ ಕೂತು ಬಿಡ್ ಹಾಕುವವರ ಮುಂದೆ ಇರುವುದು ನಾಲ್ಕು ಫೋಟೊ ಮತ್ತು ‘ಕಂಡೀಷನ್ ಸೂಪರ್, ಅರ್ಜೆಂಟ್ ಸೇಲ್’ ಎಂಬ ಒಂದು ಸಾಲು ಮಾತ್ರ. ಡಿಸ್‌ಪ್ಲೇ ಬದಲಾಗಿದೆಯೇ, ಒಳಗೆ ನೀರು ಹೊಕ್ಕಿತ್ತೇ, ಬೋರ್ಡ್ ರಿಪೇರಿಯಾಗಿದೆಯೇ ಎಂಬುದು ಮಾರುವವನಿಗಷ್ಟೇ ಗೊತ್ತು. ಹೀಗಿರುವಾಗ ದೋಷದ ಬಗ್ಗೆ ಸುಮ್ಮನಿರುವುದನ್ನೂ ಸುಳ್ಳು ಎಂದೇ ಎಣಿಸಬೇಕು. ಕೈಯಾರೆ ನೋಡುವ ಅವಕಾಶ ಇಲ್ಲದವನಿಗೆ ಮಾರುವವನ ವಿವರಣೆ ಬಿಟ್ಟರೆ ಬೇರೆ ಆಧಾರವಿಲ್ಲ.

ಎಲೆಕ್ಟ್ರಾನಿಕ್ಸ್‌ನಲ್ಲಿ ಈ ಮಾತಿಗೆ ತೂಕ ಹೆಚ್ಚು, ಏಕೆಂದರೆ ಇಲ್ಲಿ ಸವೆತ ಹೊರಗೆ ಕಾಣುವುದಿಲ್ಲ. ಹೊಳೆಯುವ ಫೋನಿನ ಬ್ಯಾಟರಿ ಸೋತಿರಬಹುದು. ಐಫೋನ್ 14 ಮತ್ತು ಅದಕ್ಕೂ ಹಿಂದಿನ ಮಾದರಿಗಳ ಬ್ಯಾಟರಿ, ಅನುಕೂಲ ಸ್ಥಿತಿಯಲ್ಲಿ 500 ಪೂರ್ಣ ಚಾರ್ಜ್ ಮುಗಿದಾಗ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಿದ್ದು ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿ ಬಿಸಿಯಲ್ಲಿ ಇನ್ನೂ ಬೇಗ ಸವೆಯುತ್ತದೆ. ಹಾಗಾಗಿ ‘ಎರಡೇ ವರ್ಷ ಬಳಸಿದ್ದು’ ಎಂಬ ನಿಜವಾದ ಮಾತೂ, ಬ್ಯಾಟರಿಯ ಸ್ಥಿತಿ ಹೇಳದಿದ್ದರೆ, ಕೊಳ್ಳುವವನ ದಾರಿ ತಪ್ಪಿಸುತ್ತದೆ.

‘ಇದ್ದದ್ದು ಇದ್ದ ಹಾಗೆ ಮಾರುತ್ತಿದ್ದೇನೆ, ಬೇಕಾದವರು ತಗೊಳ್ಳಲಿ’ ಎನ್ನುವವರುಂಟು. ಸರ್ಕಾರಿ ಕಂಪನಿ ಎಂಎಸ್‌ಟಿಸಿ ಹಳೆಯ ಸಾಮಾನುಗಳ ಇ-ಹರಾಜು ನಡೆಸುವಾಗಲೂ ಇದೇ ಷರತ್ತು ಹಾಕುತ್ತದಲ್ಲ ಎಂದೂ ಕೇಳಬಹುದು. ನಿಜ, ಆದರೆ ಅಲ್ಲಿ ಬಿಡ್‌ಗೆ ಮುಂಚೆ ಸ್ಥಳಕ್ಕೆ ಬಂದು ಸಾಮಾನು ನೋಡಲು ಅವಕಾಶವಿರುತ್ತದೆ. ನೋಡುವ ಅವಕಾಶವನ್ನು ಕಿತ್ತುಹಾಕಿ ಷರತ್ತನ್ನಷ್ಟೇ ಉಳಿಸಿಕೊಳ್ಳುವುದು ನ್ಯಾಯವಲ್ಲ. 1872ರ ಕರಾರು ಕಾಯ್ದೆಯೂ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತದೆ. ಬರೀ ಮೌನವನ್ನು ಅದು ಸಾಮಾನ್ಯವಾಗಿ ವಂಚನೆ ಎನ್ನುವುದಿಲ್ಲ. ಮಾತಾಡುವ ಕರ್ತವ್ಯವಿದ್ದಾಗ, ಇಲ್ಲವೇ ಮೌನವೇ ಮಾತಿಗೆ ಸಮನಾದಾಗ ವಂಚನೆ ಎನ್ನುತ್ತದೆ. ಸಾಧಾರಣ ಎಚ್ಚರದಿಂದ ಸತ್ಯ ತಿಳಿಯಬಹುದಾಗಿದ್ದ ಕೊಳ್ಳುಗನಿಗೆ ಕರಾರು ಮುರಿಯುವ ಹಕ್ಕನ್ನೂ ಅದು ಮಿತಗೊಳಿಸುತ್ತದೆ. ಬಳ್ಳಾರಿಯ ಅಂಗಡಿಯಲ್ಲಿ ಫೋನ್ ಹಿಡಿದು ನೋಡಿದವನಿಗೆ ಆ ಎಚ್ಚರ ಸಾಧ್ಯ. ಪರದೆಯ ಮೇಲೆ ಫೋಟೊ ನೋಡಿದವನಿಗೆ ಎಲ್ಲಿಂದ ಬರಬೇಕು? 1930ರ ಸರಕು ಮಾರಾಟ ಕಾಯ್ದೆಯಂತೂ ಸ್ಪಷ್ಟವಾಗಿದೆ: ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ತಕ್ಕಂತೆ ಇರಲೇಬೇಕು.

ಕಡಿಮೆ ಬೆಲೆಗೆ ಸಿಕ್ಕಿದ್ದರಲ್ಲಿ ದೋಷ ಇದ್ದೇ ಇರುತ್ತದೆ ಎಂಬ ವಾದ ಹರಾಜಿನಲ್ಲಿ ನಿಲ್ಲುವುದಿಲ್ಲ. ಬೆಲೆ ಕಟ್ಟುವವರು ಬಿಡ್ ಹಾಕುವವರು, ಅವರು ಕಟ್ಟುವುದು ಓದಿದ ವಿವರಣೆಯ ಮೇಲೆ. ಇನ್ನು ‘ಎಲ್ಲ ಹೇಳಿಬಿಟ್ಟರೆ ಯಾರು ಕೊಳ್ಳುತ್ತಾರೆ’ ಎಂಬ ಅಂಜಿಕೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದೇ ಮಾರಾಟವನ್ನು ನೋಡಿದರೆ ಸುಳ್ಳುಗಾರ ಗೆಲ್ಲುವುದುಂಟು. ಆದರೆ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳನ್ನು ಉದಾಹರಿಸಿ ತೋರಿಸಿದ್ದು ಇದರ ಮುಂದಿನ ಕಥೆಯನ್ನು: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಕೊಳ್ಳುಗ ಎಲ್ಲಕ್ಕೂ ಕಡಿಮೆ ಬೆಲೆ ಹೇಳುತ್ತಾನೆ, ಒಳ್ಳೆಯ ಸರಕು ಇದ್ದವನು ಮಾರುಕಟ್ಟೆಯಿಂದ ಹೊರಗೆ ಹೋಗುತ್ತಾನೆ, ಉಳಿಯುವುದು ಕಳಪೆ ಮಾತ್ರ. 2001ರಲ್ಲಿ ಅವರು ನೊಬೆಲ್ ಹಂಚಿಕೊಂಡರು. ವಿಶ್ವಾಸಕ್ಕೆ ಬೆಲೆ ಇದೆ ಎಂಬುದಕ್ಕೂ ಪುರಾವೆ ಇದೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ಬಗೆಯ ಹಳೆಯ ಪೋಸ್ಟ್‌ಕಾರ್ಡ್‌ಗಳನ್ನು ಇಬೇ ತಾಣದಲ್ಲಿ ಮಾರಿದಾಗ, ಒಳ್ಳೆಯ ಹೆಸರು ಗಳಿಸಿದ್ದ ಖಾತೆಗೆ ಹೊಸ ಖಾತೆಗಳಿಗಿಂತ ಸುಮಾರು ಶೇ 8ರಷ್ಟು ಹೆಚ್ಚು ಬೆಲೆ ಸಿಕ್ಕಿತು. 1995ರಲ್ಲಿ ಅದೇ ತಾಣದಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಲೇಸರ್ ಪಾಯಿಂಟರ್. ಅದು ಕೆಟ್ಟಿದೆ ಎಂದು ಗೊತ್ತಿದ್ದೇ ಒಬ್ಬರು 14.83 ಡಾಲರ್ ಕೊಟ್ಟರು.

ಒಳಗಿನ ದೋಷ ತನಗೂ ತಿಳಿಯದು ಎಂದು ಮಾರುವವನು ಹೇಳಿದರೆ ಅದು ನಿಜವೂ ಇರಬಹುದು. ಆಗ ‘ಪರೀಕ್ಷಿಸಿಲ್ಲ’ ಎಂದು ಬರೆದರೆ ಸಾಕು. ಆದರೆ ಆನ್ ಮಾಡಿ ನೋಡಿ, ಕೆಟ್ಟಿದೆ ಎಂದು ಗೊತ್ತಾದ ಮೇಲೆ ಹಾಗೆ ಬರೆಯುವುದು ಮೋಸ. ಕೊಳ್ಳುವವರು ಐಎಂಇಐ ಸಂಖ್ಯೆ ಕೇಳಿ ಪಡೆದು ‘ಸಂಚಾರ ಸಾಥಿ’ ಪೋರ್ಟಲ್‌ನಲ್ಲಿ ಹಾಕಿದರೆ ಫೋನ್ ಕಳವಾಗಿ ಬ್ಲಾಕ್ ಆಗಿದೆಯೇ ಎಂದು ತಿಳಿಯುತ್ತದೆ. ವ್ಯಾಪಾರಿ ಸುಳ್ಳು ಹೇಳಿ ಮಾರಿದ್ದರೆ, ಆತ ದೆಹಲಿಯಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೊಳ್ಳುಗ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ತನ್ನ ಬಳಕೆಯ ಒಂದು ಫೋನ್ ಮಾರುವ ಖಾಸಗಿ ವ್ಯಕ್ತಿಯನ್ನು ಈ ಕಾಯ್ದೆಯಡಿ ಹಿಡಿಯುವುದು ಕಷ್ಟ. ಅಂಥ ಮಾರಾಟದಲ್ಲಿ ಕೊಳ್ಳುವವನ ರಕ್ಷಣೆ ಬಹುಪಾಲು ಮಾರುವವನ ಕೈಯಲ್ಲೇ ಇದೆ. ಆದ್ದರಿಂದ ಮಾರುವವರಲ್ಲಿ ಕೇಳುವುದಿಷ್ಟೇ: ಏನು ಬದಲಿಸಿದ್ದೀರಿ, ಏನು ಕೆಟ್ಟಿದೆ, ಏನು ನೋಡಿಲ್ಲ ಎಂಬುದನ್ನು ಬೆಲೆಗಿಂತ ಮೊದಲು ಬರೆಯಿರಿ. ಕೊಳ್ಳುವವರೇ, ಇದನ್ನು ಬರೆಯದವರ ಸಾಮಾನಿಗೆ ಬಿಡ್ ಹಾಕಬೇಡಿ.