ಒಣಗದ ಬಚ್ಚಲು

ಬಾಡಿಗೆ ಮನೆಯ ವಯಸ್ಸು ತಿಳಿಯಬೇಕಾದರೆ ಗೋಡೆಯ ಬಣ್ಣ ನೋಡಬಾರದು, ಬಚ್ಚಲ ಬಾಗಿಲಿನ ಬುಡ ನೋಡಬೇಕು. ಪ್ಲೈವುಡ್ ಉಬ್ಬಿ ಪದರ ಬಿಟ್ಟು, ಅದರ ಮೇಲೆ ತಗಡು ಹೊಡೆದು, ಆ ತಗಡಿನ ಮೊಳೆಗೂ ತುಕ್ಕು ಹತ್ತಿದ್ದರೆ ಅಲ್ಲಿ ನಾಲ್ಕು ಸಂಸಾರವಾದರೂ ಬಾಳಿ ಹೋಗಿವೆ ಎಂದು ಲೆಕ್ಕ. ಮನೆ ಖಾಲಿಯಾದಾಗಲೆಲ್ಲ ಗೋಡೆಗೆ ಸುಣ್ಣಬಣ್ಣ ಬೀಳುತ್ತದೆ. ಬಚ್ಚಲಿಗೆ ಆ ಭಾಗ್ಯವಿಲ್ಲ.

ಮಂಡ್ಯದಲ್ಲಿ ಇಂಥ ಬಾಗಿಲುಗಳಿಗೆ ಬರವಿಲ್ಲ. 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ, 1939ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಇದು ನೌಕರರ ಊರಾಯಿತು. 1962ರಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು, ಈ ಶತಮಾನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದವು. ಒಂದೊಂದರ ಹಿಂದೆಯೂ ಬಾಡಿಗೆ ಮನೆ ಹುಡುಕುವವರು ಬಂದರು. ಮದ್ದೂರಿನ ಕಡೆ ಗೆಜ್ಜಲಗೆರೆಯ ಮನ್‌ಮುಲ್ ಡೇರಿ ಮತ್ತು ಕೈಗಾರಿಕಾ ಪ್ರದೇಶ. ಮಳವಳ್ಳಿಯಲ್ಲಿ ಮೇಷ್ಟ್ರುಗಳು, ತಾಲ್ಲೂಕು ಕಚೇರಿಯವರು. ಇವರಿಗೆಂದು ಎದ್ದದ್ದು ಸಾಲುಮನೆ, ಔಟ್‌ಹೌಸ್, ಮಹಡಿ ಮೇಲಿನ ಎರಡು ರೂಮು. ಹಾಲಿಗೂ ಅಡುಗೆಮನೆಗೂ ಕೊಟ್ಟು ಮಿಕ್ಕ ಜಾಗ ಬಚ್ಚಲಿಗೆ: ನಾಲ್ಕಡಿ ಅಗಲ, ಆರಡಿ ಉದ್ದ, ಕಕ್ಕಸು ಸ್ನಾನ ಎರಡೂ ಅದರಲ್ಲೇ. ಎರಡೂ ಸೇರಿದ ಕೋಣೆ ಕನಿಷ್ಠ 2.8 ಚದರ ಮೀಟರ್, ಅಂದರೆ ಸುಮಾರು 30 ಚದರಡಿ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಾಲ್ಕಾರಲೇ ಇಪ್ಪತ್ತನಾಲ್ಕು. ಆರು ಚದರಡಿ ಆಗಲೇ ಕೈಬಿಟ್ಟಿದೆ.

ಈ ಸೀಮೆಯ ಹಳೇ ಬಚ್ಚಲುಮನೆ ಬೇರೆಯೇ ತರಹದ್ದು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ, ಉರಿಗೆ ತೆಂಗಿನ ಮಟ್ಟೆ, ಸೋಗೆ, ಕಬ್ಬಿನ ತರಗು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ ಪೂಜೆ. ಕಕ್ಕಸು ಅದರೊಳಗೆ ಇರುತ್ತಿರಲಿಲ್ಲ. ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುತ್ತಿತ್ತು. ಹೊಗೆ, ಮಸಿ ಎಲ್ಲ ನಿಜ. ಆದರೆ ಆ ಒಲೆಯ ಕಾವು ನೀರು ಕಾಯಿಸುವುದರ ಜೊತೆಗೆ ಕೋಣೆಯನ್ನೂ ಒಣಗಿಸುತ್ತಿತ್ತು. ಒಲೆ ಹೋಗಿ ಗೀಸರ್ ಬಂತು. ಬಿಸಿನೀರು ಉಳಿಯಿತು, ಕಾವು ಹೋಯಿತು. ಬಾಡಿಗೆ ಮನೆಯ ಬಚ್ಚಲಿಗೆ ಅಂಟಿದ ಮುಕ್ಕಾಲು ರೋಗ ಇಷ್ಟೇ: ಅದು ಬೆಳಿಗ್ಗೆ ನೆಂದರೆ ಮರುದಿನ ಬೆಳಿಗ್ಗೆಯಾದರೂ ಒಣಗುವುದಿಲ್ಲ. ಬಾಗಿಲು ಕೊಳೆಯುವುದು, ಗೋಡೆ ಹಸಿರಾಗುವುದು, ಕಾಲು ಜಾರುವುದು ಎಲ್ಲದರ ಬೇರು ಅಲ್ಲಿದೆ. ಕೈಯಲ್ಲಿ ಹತ್ತು ಸಾವಿರವೇ ಇರಲಿ, ಐವತ್ತು ಸಾವಿರವೇ ಇರಲಿ, ಮೊದಲ ರೂಪಾಯಿ ಹೋಗಬೇಕಾದ್ದು ಒಣಗಿಸುವುದಕ್ಕೆ.

ಅದಕ್ಕೂ ಮೊದಲು ಆ ರೂಪಾಯಿ ಯಾರದ್ದು ಅನ್ನೋ ಜಗಳ ಬಗೆಹರಿಯಬೇಕು.

“ಒಂದ್ ನಲ್ಲಿ ಹಾಕುಸ್ಕೊಳಕ್ಕೂ ನನ್ನೇ ಕರೀಬೇಕೇನವ್ವ?”
“ಮನೆ ನಿಮ್ದಲ್ವಾ ಅಣ್ಣ, ನೀವೇ ಹಾಕುಸ್ಕೊಡಿ.”

ಈ ಮಾತು ನಡೆಯದ ಸಾಲುಮನೆ ಇರಲಿಕ್ಕಿಲ್ಲ. ಕರಾರು ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇಬ್ಬರಿಗೂ ಒಂದಿಷ್ಟು ದಾರಿ ತೋರಿಸುತ್ತದೆ. ಮಾಲೀಕರು ಮಾಡಿಸಲು ಬದ್ಧರಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆಯವರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ತಾವು ಜೋಡಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆಯನ್ನು ಬಂದಾಗ ಇದ್ದಂತೆ ಬಿಟ್ಟುಹೋಗಬೇಕು. ಒಪ್ಪಿಗೆಯಿಲ್ಲದೆ ಕಾಯಂ ಕಟ್ಟಡ ಕೆಲಸ ಮಾಡಿಸುವಂತಿಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ಪೈಪು ಬದಲಿಸುವುದು, ವೈರಿಂಗ್, ಸುಣ್ಣಬಣ್ಣ ಮಾಲೀಕರ ಪಾಲು; ನಲ್ಲಿ, ವಾಷರ್, ಮೋರಿ ಕಟ್ಟಿದ್ದು, ಗೀಸರ್ ರಿಪೇರಿ, ಸ್ವಿಚ್ಚು ಬಾಡಿಗೆಯವರ ಪಾಲು. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಕಾನೂನು. ಆದರೂ ಓನರ್ ಮನೆಯ ಜಗಲಿಯಲ್ಲಿ ಕೂತು ಮಾತಾಡುವಾಗ ಹಿಡಿದುಕೊಳ್ಳಲು ಒಳ್ಳೆಯ ಪಟ್ಟಿ. ಒಪ್ಪಿದ್ದನ್ನು ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಬರೆಸಿಕೊಳ್ಳುವುದು ಲೇಸು. ಅಡ್ವಾನ್ಸ್ ವಾಪಸು ಕೇಳುವ ದಿನ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ.

ಇನ್ನು ನೆಲ. ಬಕೆಟ್ ನೀರು ಸುರಿದು ಐದು ನಿಮಿಷ ಬಿಟ್ಟು ನೋಡಿದರೆ ಗಾರೆಯವರು ಎಲ್ಲಿ ತಪ್ಪಿದ್ದಾರೆ ಎಂದು ನೀರೇ ಹೇಳುತ್ತದೆ. ಆರಡಿ ಉದ್ದಕ್ಕೆ ಸುಮಾರು ಒಂದಿಂಚು ಇಳಿಜಾರು ಇದ್ದರೆ ನೀರು ತಾನಾಗಿ ಮೋರಿ ಸೇರುತ್ತದೆ. ಮೂಲೆಯಲ್ಲಿ ಹೊಂಡ ಕಟ್ಟಿ ನಿಂತರೆ ಆ ಮನೆಯಲ್ಲಿ ಯಾವ ಫಿನಾಯಿಲೂ ಗೆಲ್ಲುವುದಿಲ್ಲ. ಹಾಗೆಂದು ಇಡೀ ಬಚ್ಚಲು ಒಡೆಯಬೇಕಿಲ್ಲ. ನಾಲ್ಕಾರರ ಬಚ್ಚಲಿಗೆ ಏಳಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿದರೆ, ಬಾಗಿಲು ಕಳೆದು ಗೋಡೆಯೇ 120 ಚದರಡಿ ದಾಟುತ್ತದೆ. ನೆಲ ಬರೀ 24. ಅಂದರೆ ಆರರಲ್ಲಿ ಒಂದು ಪಾಲು. ನೆಲವೊಂದನ್ನೇ ಸರಿಪಡಿಸಿದರೆ ಸಾಮಾನು, ಕೂಲಿ ಎರಡೂ ಹಿಡಿತದಲ್ಲಿರುತ್ತವೆ. ಒಂದಡಿ ಒಂದಡಿಯ, ಜಾರದ ಟೈಲ್ಸ್ ಸಾಕು. ಒಡೆಯುವುದು, ಕತ್ತರಿಸುವುದು ಸೇರಿಸಿ 27 ಇದ್ದರೆ ಕೆಲಸ ಮುಗಿಯುತ್ತದೆ. ಅಂಗಡಿಯವರು ತೋರಿಸುವ ಎರಡಡಿಯ ಹೊಳಪು ಟೈಲ್ಸ್ ಇಷ್ಟು ಚಿಕ್ಕ ಜಾಗದಲ್ಲಿ ಮೋರಿಯ ಕಡೆಗೆ ಬಾಗುವುದಿಲ್ಲ, ಹೊಂಡ ಮತ್ತೆ ಹುಟ್ಟುತ್ತದೆ.

ಹಳೇ ಟೈಲ್ಸ್ ಮೇಲೆಯೇ ಹೊಸತನ್ನು ಅಂಟಿಸುವ ಗಮ್ ಈಗ ಎಲ್ಲ ಕಡೆ ಸಿಗುತ್ತದೆ. ಧೂಳು, ಕೂಲಿ ಉಳಿಯುತ್ತವೆ, ನಿಜ. ಆದರೆ ನೆಲ ಒಂದು ಸೆಂಟಿಮೀಟರಿಗೂ ಹೆಚ್ಚು ಮೇಲೇರುತ್ತದೆ. ಹೊಸಿಲು ಇರುವುದೇ ಒಂದಿಂಚಾದರೆ ಬಚ್ಚಲ ನೀರು ರೂಮಿಗೆ ಬರುತ್ತದೆ. ಅಳೆಯದೆ ಕೈ ಹಾಕಬಾರದ ಕೆಲಸ ಇದು. ಹಳೆಯದು ಟೊಳ್ಳು ಸದ್ದು ಮಾಡುತ್ತಿದ್ದರಂತೂ ಬೇಡವೇ ಬೇಡ.

ಟೈಲ್ಸ್ ಗಟ್ಟಿಯಾಗಿದ್ದು ಸಂದಿ ಮಾತ್ರ ಕಪ್ಪಾಗಿದ್ದರೆ ಕೆರೆದು ಹೊಸ ಗ್ರೌಟ್ ತುಂಬಿಸಿದರೆ ಸಾಕು. ಇಲ್ಲಿ ಒಂದು ದುರಭ್ಯಾಸದ ಮಾತು ಹೇಳಲೇಬೇಕು. ಬೋರ್‌ವೆಲ್ ಗಡಸು ನೀರಿನ ಬಿಳಿ ಕಲೆ ಹೋಗಲೆಂದು ಬಾಟಲಿ ಆಸಿಡ್ ಸುರಿದು ಉಜ್ಜುತ್ತಾರೆ. ಆ ಕಲೆ ಸುಣ್ಣದ್ದು, ಆಸಿಡ್ಡಿಗೆ ಕರಗುತ್ತದೆ. ಸಂದಿಯ ಸಿಮೆಂಟೂ ಕರಗುತ್ತದೆ! ಎರಡು ವರ್ಷ ಹೀಗೆ ಉಜ್ಜಿದ ಮೇಲೆ ನೀರು ಸಂದಿಯಲ್ಲಿ ಇಳಿದು ಕೆಳಮನೆಯ ತಾರಸಿಯಲ್ಲಿ ನಕ್ಷೆ ಬಿಡಿಸುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಇಂಥ ಗೂಡಿನೊಳಗೆ ಅದು ಪ್ರಾಣಕ್ಕೇ ಅಪಾಯ. ನಲ್ಲಿಯ ಬಿಳುಪಿಗೆ ವಿನೆಗರ್ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು ತೊಳೆದರೆ ಆಯಿತು. ದೀಪಾವಳಿಗೆ ಊರಿಗೆ ಹೋಗಿ ಬಂದಾಗ ಹೊಡೆಯುವ ವಾಸನೆಗೆ ಖರ್ಚೇ ಇಲ್ಲ: ಮೋರಿಯ ಟ್ರ್ಯಾಪಿನಲ್ಲಿ ನಿಂತಿರಬೇಕಾದ ನೀರು ಆರಿಹೋಗಿ ಗುಂಡಿಯ ಗಾಳಿ ಮೇಲೆ ಬಂದಿರುತ್ತದೆ. ಎರಡು ಚೊಂಬು ನೀರು ಅದಕ್ಕೆ ಮದ್ದು.

ಗಾಳಿಯ ವಿಷಯದಲ್ಲಿ ಬಾಡಿಗೆಯವರದೂ ತಪ್ಪಿದೆ. ಸೊಳ್ಳೆ ಬರುತ್ತದೆ, ಪಕ್ಕದ ಮನೆಗೆ ಕಾಣುತ್ತದೆ ಎಂದು ವೆಂಟಿಲೇಟರಿನ ಗಾಜಿನ ಪಟ್ಟಿಗೆ ರಟ್ಟು ತುರುಕಿರುತ್ತಾರೆ. ರಟ್ಟು ತೆಗೆದು ಸೊಳ್ಳೆ ಪರದೆ ಹೊಡೆಸಬೇಕು; ಕಿಸೆಯಲ್ಲಿ ಇನ್ನಷ್ಟಿದ್ದರೆ ಆರಿಂಚಿನ ಎಕ್ಸಾಸ್ಟ್ ಫ್ಯಾನ್. ಕೊಳೆತ ಬಾಗಿಲಿನ ಜಾಗಕ್ಕೆ ಪಿವಿಸಿ ಬಾಗಿಲು ಬಂದರೆ ತಗಡಿನ ಕಾಟ ಮುಗಿಯಿತು. ಅದರ ಕೆಳಗೆ ಬೆರಳಗಲ ಸಂದು ಬಿಡಿಸಬೇಕು, ಗಾಳಿ ಒಳಬರದೆ ಫ್ಯಾನ್ ಹೊರಹಾಕುವುದೇನನ್ನು?

ಕರೆಂಟಿನ ಮಾತಿಗೆ ಮಳವಳ್ಳಿಗೇ ಹೋಗಬೇಕು. ಆ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಸುತ್ತಲ ಊರಿನ ಬಚ್ಚಲಿಗೆ ಅದು ಬಂದದ್ದು ಎಷ್ಟೋ ಕಾಲದ ಮೇಲೆ. ಈಗಲೂ ಬಹಳ ಬಾಡಿಗೆ ರೂಮುಗಳಲ್ಲಿ ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ಲೇ ಗತಿ. ಒದ್ದೆ ಕಾಲು, ಬರಿಗೈ, ಹಳೇ ಪ್ಲಗ್ಗು. 2000 ವ್ಯಾಟಿನ ಗೀಸರ್ ಎಳೆಯುವುದು ಸುಮಾರು 9 ಆಂಪ್. ಫೋನ್ ಚಾರ್ಜ್ ಮಾಡುವ 6 ಆಂಪಿನ ಪ್ಲಗ್ಗಿಗೆ ಅದು ಹೊರೆ. 16 ಆಂಪಿನ ಪಾಯಿಂಟ್, ಸರಿಯಾದ ಅರ್ಥಿಂಗ್, ಮೇನ್ ಬೋರ್ಡಿನಲ್ಲಿ ಕರೆಂಟ್ ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ: ಮಾಲೀಕರ ಹತ್ತಿರ ಹಟ ಹಿಡಿಯುವುದಾದರೆ ಬಣ್ಣಕ್ಕಲ್ಲ, ಇದಕ್ಕೆ ಹಿಡಿಯಬೇಕು. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು 0.6 ಯೂನಿಟ್ಟಿನಷ್ಟು ಬೇಕು. ದಿನಕ್ಕೆ ಎರಡು ಸಲ ಕಾಯಿಸಿದರೆ ತಿಂಗಳಿಗೆ 36 ಯೂನಿಟ್. 2023ರಿಂದ ನಡೆಯುತ್ತಿರುವ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆಯವರಿಗೂ ಉಂಟಾದ್ದರಿಂದ ಈ ಲೆಕ್ಕ ಮನೆಮನೆಯಲ್ಲೂ ನಡೆಯುತ್ತದೆ.

ಕರೆಂಟ್ ಉಳಿಸಲು ಗ್ಯಾಸ್ ಗೀಸರ್ ತರುವವರಿದ್ದಾರೆ. ನಾಲ್ಕಾರರ ಬಚ್ಚಲೊಳಗೆ ಅದನ್ನು ಕೂರಿಸಲೇಬಾರದು. ಉರಿಗೆ ಗಾಳಿ ಸಾಲದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಚಿಲಕ ಹಾಕಿಕೊಂಡವರಿಗೆ ಕೂಗುವ ಶಕ್ತಿಯೂ ಉಳಿಯುವುದಿಲ್ಲ. ಗೀಸರ್, ಸಿಲಿಂಡರ್ ಎರಡೂ ಗಾಳಿಯಾಡುವ ಹೊರಗಡೆ ಇರಬೇಕು.

ಇನ್ನು ಶವರ್ ಆಸೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ದೊಡ್ಡ ಪಂಪುಗಳು ಬೆಂಗಳೂರಿಗೆ ತಳ್ಳುತ್ತವೆ. ಇಲ್ಲಿನ ಮನೆಯಲ್ಲಿ ತಳ್ಳಲು ಇರುವುದು ತಾರಸಿ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಒಂದೇ. ನೀರು 33 ಅಡಿ ಮೇಲಿದ್ದರೆ ಒಂದು ಬಾರ್ ಒತ್ತಡ. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕಿಗೂ ಶವರಿಗೂ ನಾಲ್ಕೈದು ಅಡಿ ಅಂತರ ಸಿಕ್ಕರೆ ಹೆಚ್ಚು. ಅಂಗಡಿಯ ಚಿತ್ರದಲ್ಲಿ ಜಡಿಮಳೆ ಸುರಿಸುವ ತಟ್ಟೆ ಶವರ್ ಇಲ್ಲಿ ಸೋನೆಗಿಂತ ಕಡೆ. ಆ ದುಡ್ಡಿಗೆ ಒಳ್ಳೆಯ ಹಿತ್ತಾಳೆ ನಲ್ಲಿ ಎರಡು, ಹೆಲ್ತ್ ಫಾಸೆಟ್ ಒಂದು ಬರುತ್ತವೆ. ಮಂಡಿನೋವಿನ ಅಜ್ಜಿಗೆಂದು ನೆಲ ಅಗೆಸಿ ವೆಸ್ಟರ್ನ್ ಕಮೋಡ್ ಕೂರಿಸಲು ಓನರ್ ಒಪ್ಪದಿದ್ದರೆ, ಇಂಡಿಯನ್ ಕಮೋಡಿನ ಮೇಲೆ ಇಡುವ ಸ್ಟೂಲು ಮೆಡಿಕಲ್ ಸ್ಟೋರುಗಳಲ್ಲಿ ಸಿಗುತ್ತದೆ. ಮನೆ ಬದಲಾಯಿಸಿದರೆ ಅಜ್ಜಿಯ ಜೊತೆಗೇ ಹೊರಡುತ್ತದೆ.

ಹೊಸ ನಲ್ಲಿ ಹಾಕಿಸಿದ ದಿನ ಪ್ಲಂಬರ್ ಹಳೆಯದನ್ನು ಗುಜರಿಗೆ ಕೇಳುತ್ತಾನೆ. ಕೊಡಬಾರದು. ಕವರಿನಲ್ಲಿ ಸುತ್ತಿ ಸಜ್ಜದ ಮೇಲೆ ಎಸೆದಿರಬೇಕು. ಮನೆ ಖಾಲಿ ಮಾಡುವ ಬೆಳಿಗ್ಗೆ, ಸಾಮಾನಿನ ಆಟೊ ಬಾಗಿಲಲ್ಲಿ ನಿಂತಿರುವಾಗ, ಗೀಸರ್, ಫಾಸೆಟ್, ಹೊಸ ನಲ್ಲಿ ಮೂರೂ ಬಿಚ್ಚಿ ಬುಟ್ಟಿ ಸೇರುತ್ತವೆ. ಹಳೇ ನಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಿ, ಒಂದು ವಾಷರ್ ಹಾಕಿ, ಮತ್ತೆ ಅದರ ಜಾಗಕ್ಕೆ ತಿರುಗಿಸಿ, ಓನರ್ ಬಂದು ತಿರುವಿ ನೋಡುವವರೆಗೆ ಕಾಯಬೇಕು.