ನಿಮಗಿದು ಗೊತ್ತೇ? ಬಿಪಿ ಗುಳಿಗೆ ತಪ್ಪುವ ಕಥೆ

● ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಬರುವ ಮಲಪ್ರಭೆಯ ನೀರು ಶುದ್ಧವಾಗುವುದು ಅಮ್ಮಿನಬಾವಿಯಲ್ಲಿ. ಆ ನೀರಿನ ಪೈಪು ಒತ್ತಡಕ್ಕೆ ಒಡೆದರೆ ನೀರು ಚಿಮ್ಮಿ ಊರಿಗೆಲ್ಲ ಸುದ್ದಿಯಾಗುತ್ತದೆ. ಆದರೆ ರಕ್ತನಾಳದ ಒತ್ತಡ ಏರಿದರೆ ಸಾಮಾನ್ಯವಾಗಿ ಮೈಯೊಡೆಯನಿಗೇ ಸುಳಿವು ಸಿಗುವುದಿಲ್ಲ.

● ಜಗತ್ತಿನಲ್ಲಿ 30ರಿಂದ 79 ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಬಿಪಿ (ಅಧಿಕ ರಕ್ತದೊತ್ತಡ) ಇದೆ ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅವರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ಅದು ಗೊತ್ತೇ ಇರಲಿಲ್ಲ.

● "ಈಗ ಆರಾಮ ಅದೀನಿ, ಗುಳಿಗಿ ಯಾಕ ಬೇಕು?" ಆರಾಮ ಇರುವುದೇ ಗುಳಿಗೆಯಿಂದ! ಬಿಟ್ಟರೆ ಒತ್ತಡ ಸಾಮಾನ್ಯವಾಗಿ ಮತ್ತೆ ಏರುತ್ತದೆ.

● ಬಿಪಿ ಗುಳಿಗೆಗಳಲ್ಲಿ ಆಮ್ಲೋಡಿಪಿನ್ ಕೆಲವರಿಗೆ ಕಾಲು ಬಾವು ತರುತ್ತದೆ, ಎನಾಲಾಪ್ರಿಲ್ ಒಣಕೆಮ್ಮು. ಹೇಳದೆ ಕೇಳದೆ ಗುಳಿಗೆ ಬಿಡುವವರು ಬಹಳ. ಡಾಕ್ಟರ ಮುಂದೆ ಬಾಯಿಬಿಟ್ಟರೆ ಬೇರೆ ಔಷಧಿ ಇದೆ. ಇನ್ನು ಹೊಲದ ಕೆಲಸಕ್ಕೆ ಮೊಣಕಾಲು ನೊಂದಾಗ ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಗುಳಿಗೆ ಡೈಕ್ಲೋಫೆನಾಕ್? ಅದು ಬಿಪಿಯನ್ನೇ ಏರಿಸಬಲ್ಲದು.

● ಜೋಳದ ರೊಟ್ಟಿಯ ಹಿಟ್ಟಿಗೆ ಎಷ್ಟೋ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ. ಪಾಪ, ರೊಟ್ಟಿ ನಿರಪರಾಧಿ. ಬಿಪಿ ಏರಿಸುವ ಉಪ್ಪು ಬರುವುದು ಪಕ್ಕದಲ್ಲಿ ಕೂತ ಉಪ್ಪಿನಕಾಯಿ, ರಂಜಕ, ಹಪ್ಪಳ, ಸಂಜೆಯ ಮಿರ್ಚಿ ಭಜಿಯಿಂದ. ಎಲ್ಲ ಸೇರಿ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ.

● ಗುಳಿಗೆ ಬೆಳಿಗ್ಗೆಯೋ ರಾತ್ರಿಯೋ? ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಬೇರೆ ಹೇಳಿರದಿದ್ದರೆ, ನಿಮಗೆ ನೆನಪಿರುವ ಹೊತ್ತೇ ಒಳ್ಳೆಯ ಹೊತ್ತು.

● ಬಿಪಿ ಅಳೆಸಲು ಬಸ್ಸಿಳಿದು ಓಡಿಬಂದು ತೋಳು ಚಾಚಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳು ಎದೆಮಟ್ಟಕ್ಕಿಟ್ಟು ಅಳೆಸಿಕೊಳ್ಳಿ. ಚಹಾ, ತಂಬಾಕು ಅರ್ಧ ಗಂಟೆ ಮೊದಲೇ ಬಂದ್. ಮಾತೂ ಬೇಡ (ನಮ್ಮ ಕಡೆ ಇದೇ ಕಷ್ಟ).

● 2017ರಲ್ಲಿ ಶುರುವಾದ ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಯೋಜನೆಗೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ಅದರ ಗುಟ್ಟು ಹೊಸ ಔಷಧಿಯಲ್ಲ: ಕೆಲವೇ ಗುಳಿಗೆಗಳ ಸರಳ ಕ್ರಮ, ಒಮ್ಮೆಗೆ ಕನಿಷ್ಠ 30 ದಿನದ ದಾಸ್ತಾನು, ಅದೂ ಮನೆಗೆ ಹತ್ತಿರದಲ್ಲಿ. ಕರ್ನಾಟಕದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿ ತಪಾಸಣೆಯನ್ನು ಮನೆ ಬಾಗಿಲಿಗೇ ತಂದಿತು.

● ಅಮ್ಮಿನಬಾವಿ ಹಾದು ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೊರಟಿರಾ? ಬುತ್ತಿಗಂಟಿನಲ್ಲಿ ಗುಳಿಗೆಯೂ ಇರಲಿ. ಅಟೆನೊಲಾಲ್‌ನಂಥ ಬಿಪಿ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಎದೆಬಡಿತ ಏರಬಹುದು. ನಿನ್ನೆಯದು ಮರೆತಿದ್ದರೆ ಇವತ್ತು ಎರಡು ನುಂಗುವ ಹಾಗಿಲ್ಲ.